ಒಬ್ಬರಿಗಷ್ಟೇ ಜಾಗ

ನಾನು ಒಂದು ಕಯಾಕ್. ಮರದ ದೋಣಿಗಳಂತೆ ಬಡಗಿಯ ಕೈಯಲ್ಲಿ ಹುಟ್ಟಿದವಳಲ್ಲ. ಕಾರ್ಖಾನೆಯೊಂದರಲ್ಲಿ ಹಳದಿ ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿಗೆ ಸುರಿದು, ಕಾದ ಒಲೆಯೊಳಗೆ ತಿರುಗಿಸಿ ತಿರುಗಿಸಿ ತೆಗೆದರು. ನನ್ನ ನಡುವೆ ಒಬ್ಬರು ಕೂರುವಷ್ಟೇ ಜಾಗವಿತ್ತು.

ಮೊದಲು ರೆಸಾರ್ಟೊಂದರ ಕೆರೆಯಲ್ಲಿದ್ದೆ. ಜನ ಕೂತು, ಫೋಟೊ ತೆಗೆಸಿಕೊಂಡು ಇಳಿಯುತ್ತಿದ್ದರು. ಆ ನೀರಿಗೆ ಆಚೆ ಎಂಬುದೇ ಇರಲಿಲ್ಲ. ರೆಸಾರ್ಟು ಮುಚ್ಚಿದಾಗ ದಾವಣಗೆರೆಯ ಸರ್ವಮಂಗಳಾ ನನ್ನನ್ನು ಕೊಂಡರು. ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತರಾದವರು. ಕೂಡ್ಲಿಯಿಂದ ತುಂಗಭದ್ರೆಯ ಗುಂಟ ಅಣೆಕಟ್ಟಿನ ಹಿನ್ನೀರಿನವರೆಗೆ ಒಬ್ಬರೇ ಹೋಗಬೇಕೆಂಬುದು ಅವರ ಆಸೆ.

ಗಂಡ ಮಹೇಶ್ವರಪ್ಪ ಒಂದು ಷರತ್ತು ಹಾಕಿ ಒಪ್ಪಿದರು. "ನಾನು ಕಾರಲ್ಲಿ ಬರ್ತಾ ಇರ್ತೀನಿ. ದಿನಾ ಹೊತ್ತು ಮುಳುಗೋದ್ರೊಳಗೆ ನಾನು ಹೇಳಿದ ಸೇತುವೆ ಹತ್ರ ಇರ್ಬೇಕು. ಒಂದಿನ ತಪ್ಪಿದ್ರೂ ದೋಣಿ ಕಾರಿನ ಮೇಲೆ, ನೀನು ಕಾರಿನೊಳಗೆ."

ನದಿ ಎಂದರೆ ಬರೀ ನೀರೆಂದುಕೊಂಡಿದ್ದೆ. ಅಲ್ಲಿ ಎಲ್ಲರಿಗೂ ಕೆಲಸ. ಪಂಪುಗಳು ಗದ್ದೆಗೆ ನೀರೆತ್ತುತ್ತಿದ್ದವು. ತೆಪ್ಪಗಳು ಬೈಕುಗಳನ್ನು ಹೊತ್ತು ದಾಟುತ್ತಿದ್ದವು. ಹೆಂಗಸರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೂಗುತ್ತಿದ್ದರು, "ಯಕ್ಕಾ, ಒಬ್ಬಾಕೀನ ಎಲ್ಲಿಗ್ ಹೊಂಟಿ?" ಸರ್ವಮಂಗಳಾ ನಗುತ್ತಿದ್ದರು, ಮತ್ತೆ ಸೂರ್ಯನನ್ನು ನೋಡಿ ಬೇಗಬೇಗ ಹುಟ್ಟು ಹಾಕುತ್ತಿದ್ದರು.

ತೇಲುವ ಬಾಟಲಿ ಕಂಡರೆ ಎತ್ತಿ ನನ್ನ ಹಿಂಬದಿಗೆ ತುಂಬಿಕೊಳ್ಳುವುದು ಅವರ ಅಭ್ಯಾಸ. ಹಡಗಲಿ ಕಡೆ ಒಂದು ಸಂಜೆ, ದೂರದಲ್ಲಿ ಸೇತುವೆ ಕಾಣುತ್ತಿರುವಾಗಲೇ, ಸಾಲಾಗಿ ತೇಲುತ್ತಿದ್ದ ಬಾಟಲಿಗಳಲ್ಲಿ ಒಂದನ್ನು ಜಗ್ಗಿದರು. ಅದರ ಹಿಂದೆಯೇ, ಬಾಟಲಿಗಳಿಗೆ ಕಟ್ಟಿದ್ದ ಬಲೆ ಎದ್ದು ಬಂತು. ಹುಟ್ಟಿಗೆ ಸುತ್ತಿಕೊಂಡು ಪರ್ರೆಂದು ಹರಿಯಿತು.

ತೆಪ್ಪದಿಂದ ಬಲೆಯೊಡತಿ ದುರುಗವ್ವ ಕೂಗಿದಳು, "ಏ ಯಕ್ಕಾ! ಹೊಳಿ ಕಸ ಹೊಡಿಯಾಕ ಬಂದೀಯೇನು? ಅದು ನನ್ನ ಬಲಿ!"

"ತಪ್ಪಾಯ್ತಮ್ಮ. ಹೊಸಾದು ಕೊಡಿಸ್ತೀನಿ."

"ಹೊಸಾದು ಬ್ಯಾಡ. ಹರದಾಕಿ ಹಿಡಕೊಂಡು ಕುಂದ್ರಬೇಕು, ನಾನು ಗಂಟು ಹಾಕ್ತೀನಿ. ನಮ್ಮ ಪದ್ಧತಿ ಹಂಗ."

ಈಗಲೇ ಹೊರಟರೆ ಸೇತುವೆ ಸಿಗುತ್ತಿತ್ತು. ನನ್ನ ಯಜಮಾನಿ ಸೇತುವೆಯನ್ನು ನೋಡಿದರು, ಹರಿದ ಬಲೆಯನ್ನು ನೋಡಿದರು. ಆಮೇಲೆ ದಡದಲ್ಲಿ ಕಾಲು ಚಾಚಿ ಕೂತು, ಬಲೆಯ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡರು.

"ದಿನಾ ನೀನೇ ತೆಪ್ಪ ನಡೆಸ್ತೀಯಾ?"

"ಮದಿವ್ಯಾದಾಗಿಂದ. ಹುಟ್ಟು ಹಾಕಾಕಿ ನಾನು. ಆ ಕಡಿ ನಡಿ, ಈ ಕಡಿ ನಡಿ ಅನ್ನಾಂವ ನನ್ನ ಗಂಡ."

ಇಬ್ಬರೂ ನಕ್ಕರು. ಸರ್ವಮಂಗಳಾ ಮೊದಲು ನಗು ನಿಲ್ಲಿಸಿದರು.

ಫೋನು ಬಂತು. "ಎಲ್ಲಿದೀಯ? ಹೊತ್ತು ಮುಳುಗ್ತು. ಕಾರಿಗೆ ಕಟ್ಟೋಕೆ ಹಗ್ಗ ತೆಗೆದಿಟ್ಟಿದೀನಿ."

"ಹಗ್ಗ ಒಳಗಿಡ್ರಿ. ಬಲೆ ಹಿಡ್ಕೊಂಡು ಕೂತಿದೀನಿ. ಇವತ್ತು ಇಲ್ಲೇ ಇರ್ತೀನಿ, ಬೆಳಿಗ್ಗೆ ಮುಂದಕ್ಕೆ ಹೋಗ್ತೀನಿ."

"ಮತ್ತೆ ಷರತ್ತು?"

"ಅದು ನಿಮ್ದು ಕಣ್ರೀ."

ಗದರಿಕೆಗೆ ಕಾದೆ. ಮಹೇಶ್ವರಪ್ಪ, "ಊಟ?" ಎಂದರು.

"ರೊಟ್ಟಿ ಐತಿ ಅಂತ ಹೇಳು!" ದುರುಗವ್ವ ಕೂಗಿದಳು. "ಮೀನಿನ ಹಂಚು ಬ್ಯಾರೆ, ರೊಟ್ಟಿ ಹಂಚು ಬ್ಯಾರೆ!"

ನಾವು ಹಿನ್ನೀರು ಮುಟ್ಟಿದೆವು. ಆಮೇಲೆ ಬೇರೆ ನದಿಗಳಿಗೂ ಹೋದೆವು. ಬಂಡೆಗಳಿಗೆ ತಳ ಸವೆದು ಸೀಳಿ, ಈಗ ಅವರ ಹಿತ್ತಲಿನಲ್ಲಿ ಬೋರಲು ಮಲಗಿದ್ದೇನೆ. ಮನುಷ್ಯರನ್ನು ನಾನು ಮುಖ ನೋಡಿ ಅರಿತವಳಲ್ಲ, ಕೂರುವ ರೀತಿಯಿಂದ ಅರಿತವಳು. ಕೂಡ್ಲಿಯಿಂದ ಆ ಬಲೆಯ ಸಂಜೆಯವರೆಗೂ ಸರ್ವಮಂಗಳಾ ಯಾರೋ ಕರೆದರೆ ತಕ್ಷಣ ಎದ್ದು ಹೋಗಬೇಕಾದವರಂತೆ ತುದಿಯಲ್ಲೇ ಕೂರುತ್ತಿದ್ದರು. ದುರುಗವ್ವ ನಮ್ಮನ್ನು ದಡದಿಂದ ನೀರಿಗೆ ನೂಕಿದ ಆ ಬೆಳಿಗ್ಗೆ ಬೆನ್ನು ಆನಿಸಿ, ಪೂರ್ತಿ ಕೂತರು.