ಸೇತುವೆಯಾಚೆಯ ಪರೀಕ್ಷೆ

"ಅಲ್ಲೇ ನಿಲ್ಲೇ, ಒಳಗ್ ಬರ್ಬೇಡ! ಹೆಣದ ವಾಸ್ನೆ ಹೊಡೀತಿದ್ದೀಯ," ಅಂದ ಸಾಹೇಬ, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ಹೆಣದ ವಾಸನೆಯಲ್ಲ, ಬ್ಲೀಚಿಂಗ್ ಪುಡಿಯದು. ಆಸ್ಪತ್ರೆಯ ಬಟ್ಟೆ ಒಗೆಯುವವಳು ನಾನು. ಕೈಯನ್ನೂ ಸರಿಯಾಗಿ ಒರೆಸಿಕೊಳ್ಳದೆ ಪಾಳಿಯಿಂದ ನೇರ ಓಡಿ ಬಂದಿದ್ದೆ. ಬಾ ಅಂತ ಕರೆಸಿದವನು ಅವನೇ. ಕಾಲೇಜುಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿ ಅದು. ಹೊಸ್ತಿಲಾಚೆಯೇ ನಿಂತೆ.

ಅವನು ತನ್ನ ಫೋನನ್ನು ನನ್ನ ಕಡೆ ತಿರುಗಿಸಿದ. ಅದರಲ್ಲಿ ನಾನೇ ಇದ್ದೆ. ಒದ್ದೆ ಬೆಡ್‌ಶೀಟುಗಳ ನಡುವೆ ಹಲ್ಲು ಕಿರಿದು, "ನಾನು ಬಟ್ಟೆ ಒಗೆಯೋ ಶೆಡ್ಡಲ್ಲೇ ಕೂತು ಓದ್ತಿದ್ದೀನಿ ಮೇಡಂ" ಅನ್ನುತ್ತಿದ್ದೆ.

ಕಾಲೇಜಿರುವುದು ಸೇತುವೆಯಾಚೆ, ಪಕ್ಕದ ರಾಜ್ಯದಲ್ಲಿ. ರೋಗಿಗಳ ಆರೈಕೆಯ ಪಾಠವನ್ನು ಫೋನಿನಲ್ಲೇ ಹೇಳಿಕೊಡುತ್ತಾರೆ. ಪಾಠಕ್ಕೆ ಮುಂಚೆ ಟೀಚರಮ್ಮ ದಿನಾ ಕೇಳುತ್ತಿದ್ದಳು, ಎಲ್ಲಿ ಕೂತಿದ್ದೀರಿ ಅಂತ. ಈ ಕಡೆಯ ಬುದ್ಧಿವಂತರೆಲ್ಲ "ಸೇತುವೆಯಾಚೆ, ನೆಂಟರ ಮನೇಲಿ" ಅಂದುಬಿಟ್ಟರು. ಕಲಿಸುವವರ ಮುಂದೆ ಸುಳ್ಳಾಡಿದರೆ ವಿದ್ಯೆ ತಲೆಗೆ ಹತ್ತುವುದಿಲ್ಲ ಅಂದುಕೊಂಡ ನಾನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಲೇಜಿನವರು ಅದನ್ನೇ ಜಾಹೀರಾತು ಮಾಡಿ ಎಲ್ಲೆಲ್ಲೂ ಹಂಚಿದ್ದರು.

"ಇಲ್ಲಿ ಕೂತೋರಿಗೆ ಕಲಿಸೋಕೆ ಆ ಕಾಲೇಜಿಗೆ ಪರ್ಮಿಷನ್ ಇಲ್ಲ. ನಾಳೆಯಿಂದ ಈ ಕಡೆ ಯಾರ ಫೋನಲ್ಲೂ ಅದು ತೆರೆಯಲ್ಲ."

"ನಾಳೇನೇ ಕೊನೇ ಪರೀಕ್ಷೆ ಸಾರ್."

"ಅದನ್ನ ಅವರನ್ನೇ ಕೇಳು. ಅವರು ನಮ್ಮ ರಾಜ್ಯದೋರಲ್ಲ, ನಾನೇನ್ ಮಾಡ್ಲಿ? ಬಾ, ಸಹಿ ಹಾಕು. ಏನೂ ಕಲಿಸ್ಲಿಲ್ಲ, ಮೋಸ ಮಾಡಿದ್ರು ಅಂತ."

"ಕಲ್ತಿದ್ದೀನಲ್ಲ ಸಾರ್."

"ಏನ್ ಕಲ್ತೆ? ಹೇಲು ತೊಳೆಯೋದಾ? ನಿನ್ನಂಥೋಳು ಮುಟ್ಟಿದ್ರೆ ರೋಗಿ ಬದುಕ್ತಾನಾ? ನಡಿಯೇ ಆಚೆ."

ಸಹಿ ಹಾಕದೆ ಬಂದೆ. ಮೆಟ್ಟಿಲ ಮೇಲೆ ಕೂತು ಟೀಚರಮ್ಮನಿಗೆ ಫೋನ್ ಮಾಡಿದೆ.

"ಸೇತುವೆ ದಾಟಿ ಬಾ, ತೆರೆಯುತ್ತೆ. ಆದ್ರೆ ನಾಲ್ಕು ಗೋಡೆ ಮಧ್ಯೆ ಒಬ್ಳೇ ಇರ್ಬೇಕಮ್ಮ. ಕಣ್ಣು ಆಚೀಚೆ ಹೋಗ್ಬಾರ್ದು, ಬೇರೆಯವರ ಮಾತು ಕೇಳಿಸ್ಬಾರ್ದು. ಒಂದ್ಸಲ ಎಚ್ಚರಿಕೆ ಬರುತ್ತೆ, ಇನ್ನೊಂದ್ಸಲ ಆದ್ರೆ ಪರೀಕ್ಷೆ ತಾನಾಗೇ ಮುಚ್ಚಿಹೋಗುತ್ತೆ."

"ಆ ಕಡೆ ನಂಗ್ಯಾರಿದ್ದಾರೆ ಮೇಡಂ?"

ಫೋನು ಆಗಲೇ ಕಟ್ಟಾಗಿತ್ತು.

ಶೆಡ್ಡಿನಲ್ಲಿ ಮೇಸ್ತ್ರಿ ರಜೆಯ ಮಾತಿಗೇ ಕೆರಳಿದ. "ನಾಳೆ ಯಾವಳು ಬರಲ್ವೋ, ಅವಳು ಮತ್ತೆ ಬರೋದೇ ಬೇಡ. ಹೆಂಗಿದ್ರೂ ಹೊಸ ಮಿಷನ್ ಬರ್ತಿದೆ, ನಿಮ್ಮ ಮುಖ ಯಾರಿಗೆ ಬೇಕು?"

ಮಿಷನ್ ಬಂದರೆ ನಾವೆಲ್ಲ ಬೀದಿಗೆ. ಪರೀಕ್ಷೆ ಪಾಸಾದರೆ ವಾರ್ಡಿನಲ್ಲಿ ಕೆಲಸ ಕೇಳಬಹುದು ಅನ್ನುವುದೊಂದೇ ನನಗಿದ್ದ ದಾರಿ. ಅದಕ್ಕೂ ಕಲ್ಲು ಬಿದ್ದಿತ್ತು. ಸೋಪಿನ ನೀರಲ್ಲಿ ಕೈಯಾಡಿಸುತ್ತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ನನ್ನ ಅತ್ತೆಯೂ ಅಲ್ಲೇ ಬಟ್ಟೆ ಮಡಚುವವಳು. ಗಂಡ ನನ್ನನ್ನು ಬಿಟ್ಟು ಹೋದಾಗ, ಹಾಳಾಗಿ ಹೋಗು ಅಂತ ಮಗನನ್ನು ಕಳಿಸಿ ಸೊಸೆಯ ಜೊತೆ ಉಳಿದವಳು. ಬಾಯಿ ತೆರೆದರೆ ಬೈಗುಳವೇ.

"ಸಹಿ ಬೇಕಂತಾ ಆ ಬೋಳಿಮಗಂಗೆ? ಅವನ ಅಂಡಿನ ಮೇಲೆ ಹಾಕಿಸ್ಕೊಳ್ಲಿ. ಯಾಕೇ ಅಳ್ತೀಯ? ಸೇತುವೆಯಾಚೆ ಜನಕ್ಕೆ ಕಾಯಿಲೆ ಬರಲ್ವಾ? ಅಲ್ಲಿ ಆಸ್ಪತ್ರೆ ಇಲ್ವಾ? ಪರೀಕ್ಷೆ ಬರಿ, ಅಲ್ಲೇ ಕೆಲ್ಸ ಹಿಡಿ. ನಾನೂ ಗಂಟುಮೂಟೆ ಕಟ್ತೀನಿ."

"ಕೋಣೆ ಎಲ್ಲಿಂದ ತರ್ಲಿ ಅತ್ತೆ?"

ಅತ್ತೆ ತಂತಿಯ ಮೇಲಿನ ಬೆಡ್‌ಶೀಟುಗಳನ್ನು ನೋಡಿದಳು.

ಮರುದಿನ ಬೆಳಿಗ್ಗೆ ಸೇತುವೆ ದಾಟಿದ ಕೂಡಲೇ ಸಿಗುವ ಜಲ್ಲಿ ಹಾಸಿದ ಬಯಲಿನಲ್ಲಿ ನನ್ನ ಕೋಣೆ ಎದ್ದಿತು. ಒಂದೊಂದು ಮೂಲೆಗೆ ಒಬ್ಬೊಬ್ಬಳು ನಿಂತು, ಇನ್ನೂ ಪಸೆಯಾರದ ಶೀಟುಗಳನ್ನು ಎರಡು ಪದರ ಮಾಡಿ ಹಿಡಿದರು. ನನ್ನ ಬೆನ್ನ ಹಿಂದಿನ ಮೂಲೆಯಲ್ಲಿ ಅತ್ತೆ. ಉಳಿದವರು ಶೆಡ್ಡಿನ ಗೆಳತಿಯರು; ಕೈ ಸೋತವರ ಬದಲಿಗೆ ಹಿಡಿಯಲು ಇನ್ನೂ ಮೂವರು ಆಚೆ ನಿಂತಿದ್ದರು. ಕೆಲಸ ಹೋದರೆ ಹೋಗಲಿ ಅಂತ ಬಂದಿದ್ದರು. ಉಸಿರೆತ್ತಬಾರದು ಅಂತ ಎಲ್ಲರಿಗೂ ಬಿಡಿಸಿ ಹೇಳಿದ್ದೆ. ಬಕೆಟ್ ಬೋರಲು ಹಾಕಿ ಕೂತು ಫೋನನ್ನು ಸುತ್ತ ತಿರುಗಿಸಿ ತೋರಿಸಿದೆ. ಬಿಳಿ ಗೋಡೆಯೆಂದು ಅದು ನಂಬಿತು. ಪರೀಕ್ಷೆ ತೆರೆಯಿತು.

ಉತ್ತರಗಳು ಹೊಳೆಯತೊಡಗಿದವು. ಹುಣ್ಣಾಗದ ಹಾಗೆ ರೋಗಿಯ ಮಗ್ಗುಲು ಬದಲಿಸುವುದು ಹೇಗೆ, ಉಸಿರು ಕಟ್ಟಿದವನನ್ನು ಹೇಗೆ ಮಲಗಿಸಬೇಕು. ಎಷ್ಟೋ ದಿನದ ಮೇಲೆ ಮನಸ್ಸಿಗೆ ಖುಷಿಯಾಯಿತು.

ಅಷ್ಟರಲ್ಲಿ ಬೈಕು ನಿಂತ ಸದ್ದು.

"ಲೇ ಕಳ್ಳ ಮುಂಡೇರಾ! ಆಸ್ಪತ್ರೆ ಬಟ್ಟೆ ಕದ್ದು ಬಂದು ಇಲ್ಲಿ ನಾಟಕ ಆಡ್ತೀರಾ? ಪೊಲೀಸ್ರನ್ನ ಕರೆಸ್ತೀನಿ!" ಮೇಸ್ತ್ರಿ.

ಫೋನಿನ ಮೇಲೆ ಕೆಂಪು ಅಕ್ಷರ ಮೂಡಿತು: ಬೇರೆಯವರ ದನಿ ಕೇಳಿಸಿದೆ. ಇದೇ ಕೊನೆಯ ಎಚ್ಚರಿಕೆ.

ತಿರುಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಒಂದು ಎಚ್ಚರಿಕೆ ಆಯಿತು ಅಂತ ಬೆನ್ನ ಹಿಂದೆ ಕೈ ಚಾಚಿ ಒಂದು ಬೆರಳೆತ್ತಿದೆ. ಅತ್ತೆಗೆ ಅರ್ಥವಾಗಿರಬೇಕು. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರನ್ನು ಜಾಲಾಡುತ್ತಿದ್ದವಳು ತುಟಿ ಬಿಚ್ಚಲಿಲ್ಲ.

ಬಟ್ಟೆ ಹಿಡಿದೆಳೆದ ಸದ್ದು. ಹಿಂದಿನ ಗೋಡೆ ಜಗ್ಗಿತು. ಎರಡು ಪದರದಲ್ಲಿ ಒಂದನ್ನು ಯಾರೋ ಕಿತ್ತುಕೊಂಡರು. ಉಳಿದೊಂದು ಪದರ ಮತ್ತೆ ನೆಟ್ಟಗಾಯಿತು.

"ಲೇ ಮು—"

ಫೋನಿಗೆ ಕೇಳಿಸುವ ಮೊದಲೇ ಆ ಮಾತು ಒದ್ದೆ ಬಟ್ಟೆಯೊಳಗೆ ಅಡಗಿಹೋಯಿತು. ದೊಪ್ಪನೆ ಏನೋ ಬಿತ್ತು. ಆಮೇಲೆ ಜಲ್ಲಿಯ ಮೇಲೆ ಬೂಟಿನ ಹಿಮ್ಮಡಿ ಉಜ್ಜುವ ಸದ್ದು, ಹೆಂಗಸರ ಏದುಸಿರು.

ನಾನು ಮುಂದಿನ ಪ್ರಶ್ನೆ ಒತ್ತಿದೆ. ಕಣ್ಣೀರು ಬಂದರೂ ರೆಪ್ಪೆ ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಹಿಮ್ಮಡಿಯ ಸದ್ದು ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಗೆಳತಿಯರಲ್ಲಿ ಯಾರೋ ಸಣ್ಣಗೆ ನರಳಿ ತಮ್ಮ ಬಾಯಿ ತಾವೇ ಮುಚ್ಚಿಕೊಂಡರು.

ಪ್ರಶ್ನೆಗಳು ಇನ್ನೂ ಅರ್ಧ ಉಳಿದಿದ್ದವು. ನಾನು ತಿರುಗಿ ನೋಡಲಿಲ್ಲ.