ಮೂವತ್ತೆರಡು ಅಕ್ಷರದ ಕಿಂಡಿ

ಚಪ್ಪಾಳೆ, ಮತ್ತೆ ಚಪ್ಪಾಳೆ, ಈ ಜನರ ಕೈ ನೋಯುವುದಿಲ್ಲವೇ, ಮುಂದಿನ ಸಾಲಿನಲ್ಲಿ ಕುಳಿತವಳ ಕಿವಿಗೆ ಅದು ತಗಡಿನ ಮೇಲೆ ಜಲ್ಲಿ ಸುರಿದಂತೆ — ಸನ್ಮಾನದ ವೇದಿಕೆಯಲ್ಲಿ ಡೈರೆಕ್ಟರು ಅವಳ ಕಾರ್ಡನ್ನು ಎತ್ತಿ ಹಿಡಿದಿದ್ದಾರೆ, ಕಂಪ್ಯೂಟರಿಗೆ ಸಿಕ್ಕಿಸುವ ಅಂಗೈಯಗಲದ ಹಸಿರು ಹಲಗೆ, ನಡುವೆ ಅವಳು ಮೂರು ವರ್ಷ ಜೀವ ತೇಯ್ದ ಚಿಪ್, ಹನ್ನೊಂದು ಗಂಟೆ ಹಿಡೀತಿದ್ದ ಕೆಲಸ ಈಗ ನಾಲ್ಕೇ ನಿಮಿಷ ಸ್ವಾಮಿ, ರೋಗಿಯ ಜೀನಿನ ಅಕ್ಷರಗಳನ್ನ ಮಾದರಿ ಪಕ್ಕ ಇಟ್ಟು, ಸಾಲಿಗೆ ಸಾಲು ಹೊಂದಿಸಿ, ತಪ್ಪು ಎಲ್ಲಿದೆ ಅಂತ ಹೇಳಿಬಿಡತ್ತೆ — ಹೇಳುತ್ತದೆ, ಹೇಳದೆ ಏನು, ಅವಳು ಬಿಟ್ಟ ಕಿಂಡಿ ಮೂವತ್ತೆರಡು ಅಕ್ಷರದ್ದು, ತಪ್ಪು ಅದರೊಳಗೆ ಹಿಡಿಸಿದರೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ಅಕ್ಷರ ಅಳಿಸಿಹೋಗಿದ್ದರೆ ಆ ತುಣುಕನ್ನು ಕಸವೆಂದು ಎಸೆದು ಮುಂದೆ ಓಡುತ್ತದೆ, ಓಡುವುದೊಂದನ್ನೇ ತಾನೆ ಅವಳು ಕಲಿಸಿದ್ದು. ಅರವತ್ತನಾಲ್ಕು ಇಡೋಣ ಎಂದವಳೂ ಅವಳೇ, ಚಿಪ್‌ನಲ್ಲಿ ಜಾಗ ಸಾಲದಾದಾಗ ಅರ್ಧಕ್ಕೆ ಕತ್ತರಿಸಿದವಳೂ ಅವಳೇ, ಪಕ್ಕದ ಮೇಜಿನ ಗಡಿಯಾರಪ್ಪ — ಸದಾ ವೇಗ ಅಳೆಯುವವನಿಗೆ ಎಲ್ಲರೂ ಇಟ್ಟ ಹೆಸರು — ತಲೆ ಕೆಡಿಸ್ಕೋಬೇಡ ಬಿಡು, ಅಷ್ಟುದ್ದದ ತಪ್ಪು ಲಕ್ಷಕ್ಕೊಬ್ರಿಗೆ, ಅಂದಿದ್ದ, ಅವಳೂ ನಕ್ಕಿದ್ದಳು, ಥೂ ನನ್ನ ಜನ್ಮಕ್ಕೆ, ನಕ್ಕಿದ್ದಳು! ಆ ಒಬ್ಬಳು ಅಕ್ಕ.

ಅಮ್ಮನನ್ನು ತಿಂದ ಎದೆಯ ಗಂಟು ನಂಗೂ ಬರುತ್ತೇನೇ ಎಂದು ಅಕ್ಕ ಕೇಳಿದಾಗ, ಆಸ್ಪತ್ರೆ ಸರತಿ ಯಾಕೆ ಕಾಯ್ತೀಯ, ನನ್ನ ಕಾರ್ಡಿದೆಯಲ್ಲ, ಎಂದು ಎಳೆದುಕೊಂಡು ಬಂದು ರಕ್ತ ಕೊಡಿಸಿದ್ದಳು, ನಾಲ್ಕು ನಿಮಿಷ, ತಾನೇ ಪ್ರಿಂಟು ತೆಗೆದುಕೊಟ್ಟಿದ್ದಳು, ದೋಷ ಕಂಡುಬಂದಿಲ್ಲ, ಇನ್ಮೇಲೆ ವರ್ಷವರ್ಷ ತಪಾಸಣೆ ಅಂತ ಅಲೀಬೇಡ ಕಣೇ ಅಕ್ಕ — ಎರಡು ವರ್ಷ ಅಲೆಯಲಿಲ್ಲ ಅಕ್ಕ, ತಂಗಿ ಹೇಳಿದ್ದಳಲ್ಲ, ಈಗ ಗಂಟು ಮೂಳೆಗೂ ಇಳಿದಿದೆ ಅಂತಾರೆ ಡಾಕ್ಟರು. ಮೂಲೆಗೆ ತಳ್ಳಿದ್ದ, ಹನ್ನೊಂದು ಗಂಟೆ ತೆವಳುವ ಹಳೆಯ ಆಮೆ ಪ್ರೋಗ್ರಾಮಿಗೆ ನಿನ್ನೆ ಅದೇ ರಕ್ತದ ಅಕ್ಷರ ಕೊಟ್ಟಳು, ಬೆಳಿಗ್ಗೆ ಉತ್ತರ ಬಂತು, ನಲವತ್ತು ಅಕ್ಷರ ಮಾಯ, ಕಣ್ಣಿಗೆ ರಾಚುವಂತೆ. ಓಡಿಹೋಗಿ ಹೇಳಿದರೆ ಡೈರೆಕ್ಟರು, ಇವತ್ತೊಂದಿನ ಸುಮ್ನಿರಮ್ಮ, ಮುಂದಿನ ಕಾರ್ಡಲ್ಲಿ ಸರಿಮಾಡೋಣ, ಒಂಬತ್ತು ಸಾವಿರ ಜನಕ್ಕೆ ವರದಿ ಹೋಗಿದೆಯಲ್ಲ ಸಾರ್, ಅಯ್ಯೋ ಇವತ್ತು ಬೇಡಮ್ಮ — ಈಗ ಮೈಕು ಅವಳ ಕೈಗೆ ಬಂದಿದೆ, ಎರಡು ಮಾತಾಡಮ್ಮ, ಆಡುತ್ತಾಳೆ, ಆಡದಿದ್ದರೆ ಹುಳ ಬಿದ್ದು ಸಾಯುತ್ತಾಳೆ, ಈ ಕಾರ್ಡು ಕೊಟ್ಟ ವರದಿಗಳನ್ನ ನಂಬಬೇಡಿ, ಎಂದಳು, ಬೆಳಗಿನಿಂದ ಕಣ್ಣು ಬಿಟ್ಟು ಹೋಗದ ಅದೇ ಚಿತ್ರ, ಅಕ್ಕ ಅಂದು ವರದಿ ಓದಿ ಹಾಳೆ ತಿರುಗಿಸಿದ್ದಳು, ಹಿಂದೆ ಏನೂ ಬರ್ದಿಲ್ವೇನೇ, ಇಲ್ಲ ಅಕ್ಕ, ನಿಜವಾಗ್ಲೂ, ಬರೀ ಬಿಳಿ, ಅಕ್ಕನ ಬೆರಳು, ಮತ್ತೆ ತಿರುಗಿಸುತ್ತಾಳೆ, ಬಿಳಿ, ತಿರುಗಿಸುತ್ತಾಳೆ —