ಬಿಸಿ ಆರುವ ತನಕ

ಹೊದಿಸಿದ ಚಾದರದ ಸುಕ್ಕು ಬಿಡಿಸುತ್ತಿದ್ದವಳು ಅದನ್ನು ಅಲ್ಲಿಗೇ ಬಿಟ್ಟು ಮತ್ತೆ ಬಾಗಿಲಿಗೆ ಬಂದಳು. ಗಂಡನ ಹೆಣ ಎತ್ತುವ ಹೊತ್ತಾಗಿತ್ತು, ಮಗಳ ಸುಳಿವಿಲ್ಲ. ತಾಳೆ ಎಣ್ಣೆ ಗಿರಣಿಯಲ್ಲಿ ಹಣ್ಣು ಬೇಯಿಸುವ ಉಗಿಯಿಂದಲೇ ಕರೆಂಟೂ ತೆಗೆಯುವ ಟರ್ಬೈನು, ಅಪ್ಪನ ಕೈಯಿಂದ ಮಗಳ ಕೈಗೆ ಬಂದಿತ್ತು. ಅದು ಎಷ್ಟು ಉಗಿ ತಿಂದು ಎಷ್ಟು ಕರೆಂಟು ಕೊಡುತ್ತದೆಂದು ಅಳೆಯುವವರು ಇವತ್ತೇ ವಕ್ಕರಿಸಿದ್ದರು. ಬೇಗ ಬರುತ್ತೇನೆಂದು ಹೋದವಳು ಅಲ್ಲೇ ಬೇರುಬಿಟ್ಟಿದ್ದಳು.

"ನಿನ್ನ ಮಗಳಿಗೆ ಹೆತ್ತಪ್ಪನಿಗಿಂತ ಕಬ್ಬಿಣ ಹೆಚ್ಚಾಯ್ತಾ, ಅಕ್ಕ?" ಅಂದ ತಮ್ಮ. ಇನ್ನು ಕಾಯೋಕಾಗಲ್ಲ ಎಂದೂ ಸೇರಿಸಿದ.

ಅಂಗಳದಲ್ಲಿ ಟರ್ಬೈನಿನವರು ತಾವು 'ಉಗಿರಾಯ' ಎನ್ನುತ್ತಿದ್ದ ಅವಳ ಗಂಡನ ಗುಣಗಾನದಲ್ಲಿದ್ದರು. ಆಗಲೇ ಗಿರಣಿಯ ಗುಂಯ್‌ಗುಡುವಿಕೆ ಇಳಿದಿಳಿದು ನಿಂತಿತು. ಫಿಟ್ಟರು ಎದ್ದುನಿಂತ.

"ಮೆಷಿನ್ ಹತ್ರ ಹುಡುಗಿ ಜೊತೆ ಯಾರನ್ನ ಬಿಟ್ಟು ಬಂದ್ರಿ?"

ಮುಖ ಮುಖ ನೋಡಿಕೊಂಡರು. ಅವನಿದ್ದಾನೆಂದು ಇವನು, ಇವನಿದ್ದಾನೆಂದು ಅವನು, ಇಡೀ ಪಾಳಿಯೇ ಮಣ್ಣಿಗೆ ಬಂದುಬಿಟ್ಟಿತ್ತು.

*

ಮಗಳು ಹುಟ್ಟಿದ ದಿನ ಗಂಡ ತಡವಾಗಿ ಬಂದಾಗ ಕೂಸು ನಿದ್ದೆಹೋಗಿತ್ತು. ಹೆಂಡತಿ ಮುಖ ತಿರುಗಿಸಿ ಮಲಗಿದಳು. ನಿಲ್ಲಿಸಿದ ಟರ್ಬೈನನ್ನು ಬಿಸಿ ಆರುವ ತನಕ ಕೈಯಲ್ಲೇ ಆಗಾಗ ತಿರುಗಿಸುತ್ತಿರಬೇಕು, ಸುಮ್ಮನೆ ಬಿಟ್ಟರೆ ಶಾಫ್ಟು ಬಾಗುತ್ತದೆ ಎಂದು ಅವನು ವಿವರಿಸಿದ.

"ನನ್ನ ಬೆನ್ನು ಬಾಗಿದ್ದು ಕಾಣಲ್ವಾ?" ಅಂದಳು.

ಅವನು ಪಕ್ಕದಲ್ಲಿ ಕೂತು ಸೊಂಟ ಒತ್ತತೊಡಗಿದ.

*

ಚಪ್ಪಲಿ ಮೆಟ್ಟಿ ಗಿರಣಿಗೆ ಹೊರಟ ಫಿಟ್ಟರನ್ನು ಅವಳು ತಡೆದಳು.

"ನೀವು ಹೆಗಲು ಕೊಡೋರು, ಅಣ್ಣ. ನಂದೇನು, ಕೂತು ಅಳೋದು ತಾನೆ? ಅದನ್ನ ಅಲ್ಲೂ ಮಾಡಬಹುದು."

ತಮ್ಮ ಬೈದ, ಜನ ಏನಂದಾರು ಅಂದ. ಅವಳು ಚಾದರದೊಳಗೆ ಕೈಹಾಕಿ ಗಂಡನ ಪಾದ ಹಿಡಿದಳು. ಮಗಳು ಬರೋವರೆಗೆ ಎತ್ತಬೇಡಿ ಎಂದು ಹೇಳಿ ಎದ್ದು ನಡೆದಳು.

ಗಿರಣಿಯಲ್ಲಿ ಮಗಳೊಬ್ಬಳೇ ಶಾಫ್ಟು ತಿರುಗಿಸುವ ಸರಳು ಹಿಡಿದು ನಿಂತಿದ್ದಳು. ಅಳೆಯುವವರು ಕಾರು ಹತ್ತಿ ಹೋಗಿದ್ದರು.

"ಉಗಿ ಜಾಸ್ತಿ ತಿನ್ನುತ್ತಂತಮ್ಮ. ಮಾರಿಬಿಡ್ತಾರಂತೆ."

"ಹೋಗೋದಾದ್ರೂ ನೆಟ್ಟಗೆ ಹೋಗಲಿ. ಹೇಗೆ ತಿರುಗಿಸೋದು, ತೋರಿಸು. ಆಮೇಲೆ ಓಡು. ನಿನಗೇ ಕಾಯ್ತಿದಾರೆ."

"ನೀನು ಅಪ್ಪನ್ನ ಕಳಿಸಿಕೊಡಲ್ವಾ?"

"ದಿನಾ ಇಲ್ಲಿಗೆ ಕಳಿಸಿದೀನಲ್ಲೇ."

ಮಗಳ ಹೆಜ್ಜೆ ಸದ್ದು ದೂರವಾಯಿತು. ಅವಳು ಸರಳಿನ ಮೇಲೆ ಮೈಭಾರ ಹಾಕಿದಳು. ಅಲುಗಲಿಲ್ಲ. ಬರಿಗಾಲು ಊರಿ, ಉಸಿರು ಬಿಗಿಹಿಡಿದು ಇನ್ನೊಮ್ಮೆ ಒತ್ತಿದಳು. ನಿದ್ದೆಯಲ್ಲಿರುವವರು ಮಗ್ಗುಲು ಬದಲಿಸುವ ಹಾಗೆ ಶಾಫ್ಟು ಮೆಲ್ಲಗೆ ಹೊರಳಿತು.